ಉಣ್ಣೋ ಕೈ

ಆ ಬೇಸಿಗೆಯಲ್ಲಿ ಇಬ್ಬರು ನಮ್ಮ ಶಿಗ್ಗಾವಿಯ ದವಾಖಾನೆಯಿಂದ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಿ ಸತ್ತರು. ಒಬ್ಬ ಊರಿನ ಗೌಂಡಿ, ಗೋಡೆಯ ಮೇಲಿಂದ ಬಿದ್ದವನು. ಇನ್ನೊಬ್ಬ ಚಿಕ್ಕೇರೂರಿನ ರೈತ, ಬೀಗರ ಮನೆಗೆಂದು ಬಂದು ಬಂಡಿಯಿಂದ ಉರುಳಿದವನು. ಇಬ್ಬರ ತಲೆಗೂ ಪಟ್ಟಿ ಕಟ್ಟಿದವನು ನಾನೇ. ಗೌಂಡಿ ಹೋಗುವಾಗ ನನ್ನ ಕಿವಿ ನೋಡಿ, "ಕಂಪೌಂಡರ, ಮೊರದಂಥಾ ಕಿವಿ ಇಟಗೊಂಡೂ ನಾ 'ಹಗೂರಕ' ಅಂದದ್ದು ನಿನಗ ಕೇಳಸಲಿಲ್ಲಲ್ಲೋ" ಎಂದು ಚೇಷ್ಟೆ ಮಾಡಿದ್ದ. ಮೂರನೆಯ ದಿನ ಅವನ ಅಣ್ಣ ಬಂದು, ಮಲಗಿದವನು ಏಳಲೇ ಇಲ್ಲ ಎಂದು ಹೇಳಿ ಬಾಗಿಲಲ್ಲೇ ಕುಳಿತುಬಿಟ್ಟ.

ನಮ್ಮ ಡಾಕ್ಟರ್ ಸಾಹೇಬರು ನಶ್ಯ ಏರಿಸದೆ ಬಾಯಿ ಬಿಡುವವರಲ್ಲ. ಒಂದು ಹೊಳ್ಳೆಗೆ ಏರಿಸಿದರೆ ಬೈಗುಳ, ಎರಡಕ್ಕೂ ಏರಿಸಿದರೆ ಯೋಚನೆ. ಅವತ್ತು ಎರಡಕ್ಕೂ ಏರಿಸಿದರು.

"ತಲಿಗೆ ಪೆಟ್ಟು ಬಿದ್ದಾಂವ ನಕ್ಕೋತ ಮನಿಗೆ ಹೋದ ಅಂದ್ರ ಆರಾಮ ಆದ ಅಂತ ಅಲ್ಲೋ" ಎಂದರು. "ಒಳಗ ರಗತ ಸೋರತಿರತದ. ಒಂದ ದಿನದಾಗ ಸೋರಬಹುದು, ತಿಂಗಳಗಟ್ಟಲೆ ಸೋರಬಹುದು. ನಾವು ಅವರ ಹಿಂದ ಹೋಗಿ ನೋಡಬೇಕು."

ಆ 'ನಾವು' ಎಂದರೆ ನಾನು ಎಂದು ತಿಳಿಯಲು ತಡವಾಗಲಿಲ್ಲ. ಮರುವಾರವೇ ಹಾನಗಲ್ಲ, ಹಿರೇಕೆರೂರ, ಸವಣೂರ ದವಾಖಾನೆಗಳಿಗೆ ಪೋಸ್ಟ್‌ಕಾರ್ಡು ಹೋದವು: ತಲೆಗೆ ಪೆಟ್ಟು ಬಿದ್ದವರು ಯಾರೇ ಬರಲಿ, ಹೆಸರು, ಊರು ಬರೆದು ತಿಳಿಸಬೇಕು, ನಮ್ಮ ಕಂಪೌಂಡರು ಮನೆಗೇ ಬಂದು ನೋಡುತ್ತಾನೆ. ಸೋಮವಾರ ಬಸ್ಸಿನಲ್ಲಿ ಹಾನಗಲ್ಲ, ಮಂಗಳವಾರ ಅಲ್ಲಿಂದ ಹಿರೇಕೆರೂರ, ಶುಕ್ರವಾರ ಸೈಕಲ್ಲಿನ ಮೇಲೆ ಸವಣೂರ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಮರ್ಯಾದೆಗೆ. ಏರು ಬಂದರೆ ನಾವು ಇಳಿದು ಅವುಗಳ ಜೊತೆ ನಡೆಯುತ್ತಿದ್ದೆವು.

ಕಾಗದವೂ ಸಿಗುತ್ತಿರಲಿಲ್ಲ. ಔಷಧಿ ಡಬ್ಬಿಗಳ ರಟ್ಟು ಕತ್ತರಿಸಿ ಅಂಗೈಯಷ್ಟು ಕಾರ್ಡು ಮಾಡಿಕೊಂಡೆವು. ಒಂದೊಂದರ ಮೇಲೆ ಆರು ಸಾಲು: ಕಣ್ಣಿನ ಪಾಪೆ, ಕೈಯ ಬಿಗಿ, ನಡಿಗೆ, ಮಾತು, ನಿದ್ದೆ, ಮನೆಯವರು ಏನನ್ನುತ್ತಾರೆ. ಎಲ್ಲಿಯಾದರೂ ಹೆಚ್ಚುಕಡಿಮೆ ಕಂಡರೆ ಸಾಹೇಬರು ಪತ್ರ ಬರೆಯುವುದು, ರೋಗಿಯನ್ನು ಬಂಡಿಯಲ್ಲಿ ಯಲವಿಗಿ ಸ್ಟೇಷನ್ನಿಗೆ ಒಯ್ದು ರೈಲಿಗೆ ಏರಿಸುವುದು, ದೊಡ್ಡಾಸ್ಪತ್ರೆಯ ಸರ್ಜನ್ನರ ಕೈಗೆ ಪತ್ರ ಮುಟ್ಟಿಸುವವರೆಗೆ ನಾನು ಜೊತೆಗಿರುವುದು. ಕಾಗದದ ಮೇಲೆ, ಅಲ್ಲ, ರಟ್ಟಿನ ಮೇಲೆ ಎಲ್ಲ ಚೊಕ್ಕಟವಾಗಿತ್ತು.

ಇನ್ನು ನನ್ನ ಖೋಡಿ ಚಾಳಿಯ ಮಾತು. ನಾನು ಹುಟ್ಟಾ ಅಣಕಗಾರ. ಬಸ್ಸಿನ ಡ್ರೈವರು ಇದ್ದಿಲ ಒಲೆಗೆ ಗಾಳಿ ಹಾಕುವುದು, ಪೋಸ್ಟಮನ್ನು ಬಾಗಿಲಲ್ಲಿ ಕೆಮ್ಮುವುದು, ನಮ್ಮ ಸಾಹೇಬರ ಸೀನು, ಯಾವುದನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿರಲಿಲ್ಲ: ಕೊಕ್ಕರೆಗಾಲು, ಮೊರದಗಲ ಕಿವಿ, ಸೈಕಲ್ಲು ಏರಿದರೆ ಸೈಕಲ್ಲು ಯಾವುದು, ನಾನು ಯಾವುದು ಎಂದು ನಾಯಿಗಳಿಗೂ ಗುಮಾನಿ. ಒಳ್ಳೆಯ ಅಕ್ಷರ ಮಾತ್ರ ನನಗಿರಲಿಲ್ಲ. ಮೊದಲ ವಾರ ನಾನು ಬರೆದು ತಂದ ಕಾರ್ಡುಗಳನ್ನು ಸಾಹೇಬರು ಬೆಳಕಿಗೆ ಹಿಡಿದರು, ತಿರುಗಿಸಿ ಹಿಡಿದರು, ಕೊನೆಗೆ ಮೇಜಿನ ಮೇಲೆ ಎಸೆದರು.

"ಇದೇನು ಇರಬಿ ಹರದಾಡ್ಯಾವೋ, ನೀ ಬರದೀಯೋ? ಏ ಬಹುರೂಪಿ, ಬರಿಯೂದು ಬ್ಯಾಡ. ಮಾಡಿ ತೋರಸು."

ಮಾಡಿ ತೋರಿಸಿದೆ. ಅಬಲೂರಿನ ಮುದುಕಿಯೊಬ್ಬಳು ಮಾಳಿಗೆಯಿಂದ ಬಿದ್ದ ಮೇಲೆ, ಅಲ್ಲಿಯವರೆಗೆ ತಾನು ಎದುರು ನಿಂತು ಮಾತಾಡದಿದ್ದ ಅಳಿಯನಿಗೆ ಹೊತ್ತು ಹೊತ್ತಿಗೂ ಬೈಗುಳ ಬಡಿಸುತ್ತಿದ್ದಳು. ಅವಳ ತಲೆಯಾಟ, ಕಣ್ಣು, ಬೈಗುಳ ಸಮೇತ ತೋರಿಸಿದೆ. ಸಾಹೇಬರು ನಕ್ಕು, ಸೀನಿ, "ಕಣ್ಣು ನೆಟ್ಟಗದಾವ, ಕೈ ಎರಡೂ ಆಡತಾವ. ಇರಲಿ, ಮುಂದಿನ ವಾರ ನೋಡು" ಎಂದರು. ಅದರ ಮುಂದಿನ ವಾರ ಹಾನಗಲ್ಲಿನ ಒಬ್ಬ ಗಾಣಿಗನನ್ನು ಮಾಡಿ ತೋರಿಸಿದೆ. ಮಾತಿನ ನಡುವೆ ಕುಳಿತಲ್ಲೇ ನಿದ್ದೆಗೆ ಜಾರುತ್ತಿದ್ದವನು. ಸಾಹೇಬರು ನಗಲಿಲ್ಲ, ಅವತ್ತೇ ಪತ್ರ ಬರೆದರು. ಅವನ ಒಂದು ಪಾಪೆ ಹಿಗ್ಗಿತ್ತು. ಯಾವ ಕಡೆ ತಲೆಬುರುಡೆ ಕೊರೆಯಬೇಕೆಂದು ಸರ್ಜನ್ನರು ತಾವೇ ನೋಡಿ ತಿಳಿದರು. ಗಾಣಿಗ ಬದುಕಿ ಬಂದ. ನನ್ನ ಕಿವಿ ಇನ್ನಷ್ಟು ಅಗಲವಾದವು. ಅಲ್ಲಿಂದ ಮುಂದೆ ನನ್ನ ಕಾರ್ಡುಗಳ ಮೇಲೆ ಹೆಸರು, ಊರು ಬಿಟ್ಟರೆ ಬೇರೇನೂ ಇರಲಿಲ್ಲ. ಉಳಿದದ್ದೆಲ್ಲ ನನ್ನ ಮೈಯಲ್ಲಿ ಇರುತ್ತಿತ್ತು.

ಸವಣೂರಿನ ವೀಳ್ಯದೆಲೆ ತೋಟದ ಯಜಮಾನರ ಹೆಸರು ಬಂದದ್ದು ಅವರು ಬಿದ್ದು ಮೂರು ವಾರವಾದ ಮೇಲೆ. ಬಳ್ಳಿ ಕಟ್ಟಲು ಏಣಿ ಹತ್ತಿದವರು ಕಾಲು ಜಾರಿ ಬಿದ್ದು, ಬದುವಿನ ಕಲ್ಲಿಗೆ ತಲೆ ತಾಗಿಸಿಕೊಂಡಿದ್ದರು. ಒಂದು ಗುಬಟೆ ಎದ್ದಿತ್ತು, ಅರಿಶಿನ ಹಚ್ಚಿದ್ದರು, ಇಳಿದಿತ್ತು. ದವಾಖಾನೆಗೆ ಹೆಂಡತಿ ಕರೆತಂದದ್ದು ಬೇರೆ ಕಾರಣಕ್ಕೆ: ಎಲೆ ಎಣಿಸಿ ಕಟ್ಟುವಾಗ ಲೆಕ್ಕ ತಪ್ಪುತ್ತಿತ್ತು.

ಶುಕ್ರವಾರ ನಾನು ಹೋದಾಗ ಅವರು ಪಡಸಾಲೆಯಲ್ಲಿ ಒದ್ದೆ ಗೋಣಿಯ ಮೇಲೆ ಎಲೆ ಹರಡಿಕೊಂಡು ಕುಳಿತಿದ್ದರು. ನಾನು ಎದುರಿಗೆ ಕುಳಿತೆ.

"ನೂರು ಎಲಿ ಎಣಸ್ರಿ ಯಜಮಾನ್ರ, ನೋಡೂಣು" ಎಂದೆ.

ಮೂವತ್ತರತನಕ ಬೆರಳು ಸರಸರ ಓಡಿದವು. ಆಮೇಲೆ ನಿಂತವು. ಕೈಯಲ್ಲಿದ್ದ ಎಲೆಯನ್ನು ಅವರು ತಿರುವಿ ತಿರುವಿ ನೋಡಿದರು.

"ಇದು… ಇದಕ್ಕ… ಹಸರು… ತಿನ್ನೂದು… ಅದು…"

"ಹುಟ್ಟಿದಾಗಿಂದ ಎಲಿಯೊಳಗ ಅದಾರಪ್ಪಾ" ಎಂದಳು ಬಾಗಿಲ ಬಳಿ ನಿಂತ ಹೆಂಡತಿ. "ಈಗ ಎಲಿ ಅನ್ನಾಕ ಬರವಲ್ದು. ನಾ ಹೇಳಿಕೊಟ್ರ ಸಿಟ್ಟು ಮಾಡತಾರ."

ಎರಡೂ ಕೈ ಹಿಡಿದು ಅದುಮಿಸಿದೆ. ಒಂದು ಕೈ ಗಾಣದಂತೆ ಗಟ್ಟಿ, ಇನ್ನೊಂದರ ಹಿಡಿತ ಹಸಿ ಹಿಟ್ಟಿನಂತೆ ಸಡಿಲ. ಅಂಗಳದ ಆ ತುದಿಯಿಂದ ನನ್ನ ಕಡೆಗೆ ನಡೆದು ಬರಲು ಹೇಳಿದೆ. ಬಂದರು, ಒಂದು ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ನಾನು ಕಣ್ಣು ಕೀಲಿಸಿ ನೋಡಿದೆ, ಕೂತಲ್ಲೇ ನನ್ನ ಕಾಲಿನಲ್ಲಿ ಅದನ್ನು ತುಂಬಿಕೊಂಡೆ. ಕಾರ್ಡು ಜೇಬಿನಲ್ಲೇ ಉಳಿಯಿತು.

ಮರಳುವಾಗ ಸವಣೂರಿನ ಹೆಸರಾದ ತಿಂಡಿ ಖಾರವನ್ನು ಕೊಳ್ಳಲು ಅಂಗಡಿಯ ಮುಂದೆ ನಿಂತವನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಇದು… ಇದಕ್ಕ… ಹಸರು…" ಎಂದು ತೋರಿಸಿದೆ. ಅಂಗಡಿಯವನು ನಕ್ಕು ಒಂದು ಹಿಡಿ ಹೆಚ್ಚು ಹಾಕಿದ. ಆ ಖಾರದ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿಂದ ಹೋಗಿಲ್ಲ.

ಸಾಹೇಬರ ಮುಂದೆಯೂ ಮೊದಲು ಮಾತನ್ನೇ ತೋರಿಸಿದೆ. ಅವರು ನಗಲು ಹೋಗಿ, ನಶ್ಯ ಗಂಟಲಿಗಿಳಿದು, ಕಣ್ಣಲ್ಲಿ ನೀರು ಬರುವಷ್ಟು ಸೀನಿದರು. ಆಮೇಲೆ ನಡಿಗೆ ತೋರಿಸಿದೆ. ನಗು ನಿಂತಿತು. ಪತ್ರ ಬರೆಯಲು ಕುಳಿತವರು ತಲೆ ಎತ್ತದೆ ಕೇಳಿದರು:

"ಕೈಯಿ ಯಾವದು, ಕಾಲು ಯಾವದು?"

"ಇವಾ ರೀ" ಎಂದು ನನ್ನ ಎಡಗೈಯಿಂದ ನನ್ನ ಎಡತೊಡೆ ತಟ್ಟಿದೆ.

ಅವರು ಕತ್ತೆತ್ತಿ ನೋಡಿ, ಎಡಗೈ, ಎಡಗಾಲು ಸೋತಿವೆ ಎಂದು ಬರೆದರು. ಮಾತಿನ ವಿಷಯ ಪತ್ರದಲ್ಲಿ ಬರಲಿಲ್ಲ. ನಗಿಸಿದ್ದು ಕಾಗದಕ್ಕೆ ಇಳಿಯುವುದಿಲ್ಲ.

ಸವಣೂರು ಸಂಸ್ಥಾನದ ಊರು, ನಮ್ಮದು ಇಂಗ್ಲಿಷರ ಸೀಮೆ. ಪತ್ರಕ್ಕೆ ಅಲ್ಲಿನ ಡಾಕ್ಟರರ ಸಹಿಯೂ ಬೇಕು. ಶನಿವಾರ ಹೊರಟರೆ ಅಂದೇ ಆಗುತ್ತಿತ್ತು. ನಾನು ಸೈಕಲ್ಲು ಬಿಟ್ಟು ಬಸ್ಸು ಹಿಡಿದೆ; ತೊಡೆ ನೋಯುತ್ತಿತ್ತು ಎಂಬುದೇ ಕಾರಣ. ಬಸ್ಸಿನ ಒಲೆ ದಾರಿಯಲ್ಲಿ ಆರಿತು, ನಾವೆಲ್ಲ ಇಳಿದು ಊದಿದರೂ ಹತ್ತಲಿಲ್ಲ. ಭಾನುವಾರ ಸೈಕಲ್ಲಿನಲ್ಲೇ ಹೋದೆ. ಆ ಡಾಕ್ಟರರು ಊಟದಿಂದ ಎದ್ದು ಬಂದು ಸಹಿ ಮಾಡಿಕೊಟ್ಟರು. ಸೋಮವಾರ ಬೆಳಿಗ್ಗೆ ಬಂಡಿ ಕಟ್ಟಿದೆವು. ಯಜಮಾನರು ಬಂಡಿಯನ್ನು ತಾವೇ ಹತ್ತಿದರು. ಯಲವಿಗಿ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ರೈಲಿನಲ್ಲಿ ಎಬ್ಬಿಸಿದರೆ ಏಳಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸರ್ಜನ್ ಸಾಹೇಬರು ಪಾಪೆ ನೋಡಿದರು. ಎರಡೂ ಒಂದೇ ಅಳತೆ. ಕೈಕಾಲು ಎತ್ತಿ ಬಿಟ್ಟರು. ನಾಲ್ಕೂ ಹಿಂಡಿದ ಬಟ್ಟೆಯ ಹಾಗೆ ಬಿದ್ದವು. ಸೋತ ಕಡೆ ಯಾವುದೆಂದು ಹೇಳಲು ಇನ್ನು ಆ ಮೈಗೆ ಬಾಯಿ ಇರಲಿಲ್ಲ. ಅವರು ನಮ್ಮ ಪತ್ರ ಬಿಚ್ಚಿ ಓದಿದರು.

"ಎಡಗಡೆ ಸೋತಿದ್ದರೆ ತಲೆಯ ಬಲಗಡೆ ರಕ್ತ ನಿಂತಿರುತ್ತದೆ" ಎಂದು ತಮ್ಮ ಸಹಾಯಕರಿಗೆ ಹೇಳಿ, ಬಲಗಡೆ ಕೂದಲು ಬೋಳಿಸಲು ಅಪ್ಪಣೆ ಕೊಟ್ಟರು. ಮಧ್ಯಾಹ್ನ ಬಾಗಿಲು ಮುಚ್ಚಿತು.

ಹೊರಗೆ ಉದ್ದನೆಯ ಪಡಸಾಲೆ. ಯಜಮಾನರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. ಮಡಿಲಲ್ಲಿ ಗಂಡನ ಚಪ್ಪಲಿ.

"ಅವನ್ನ್ಯಾಕ ಹೊತಗೊಂಡ ಬಂದೀರಿ ಅಕ್ಕಾರ?" ಎಂದೆ.

"ಹೊಳ್ಳಿ ಹೋಗುವಾಗ ನಡೀಬೇಕಲ್ಲಪ್ಪಾ."

ಸುಮ್ಮನೆ ಕೂರುವುದು ನನಗೆ ಆಗುವುದಿಲ್ಲ, ತುರಿಕೆ ಎದ್ದಂತಾಗುತ್ತದೆ. ಮೊದಲು ನಡೆದಾಡಿದೆ, ಆಮೇಲೆ ನನಗೇ ತಿಳಿಯದಂತೆ ಯಜಮಾನರ ಹಾಗೆ ನಡೆಯತೊಡಗಿದೆ. ಅಣಕಕ್ಕಲ್ಲ. ಎಷ್ಟು ಕಾಲೆಳೆಯುತ್ತಿದ್ದರು, ಇಷ್ಟೊ, ಇನ್ನೂ ಕಡಿಮೆಯೊ, ಒಂದು ದಿನ ಮೊದಲು ತಂದಿದ್ದರೆ ಏನಾಗುತ್ತಿತ್ತು ಎಂದು ನನ್ನ ಕಾಲನ್ನೇ ಕೇಳುತ್ತಿದ್ದೆ. ಅವಳಿಗೆ ಬೆನ್ನು ಮಾಡಿ ಹೋಗುತ್ತಿದ್ದೆ.

"ಆ ಕಾಲಲ್ಲ ತಮ್ಮಾ" ಎಂದಳು ಹಿಂದಿನಿಂದ.

"ಇದಾ ರೀ ಅಕ್ಕಾರ. ನಾ ಕಣ್ಣಾರೆ ನೋಡೇನಿ."

"ನೀ ಮುಂದ ಕುಂತು ನೋಡೀ. ನಾ ಲಗ್ನ ಆದಾಗಿಂದ ಅವರ ಹಿಂದ ನಡದೇನಿ. ಈ ಕಡೆ ಕಾಲು."

ಅವಳು ತನ್ನ ಬಲತೊಡೆ ಮುಟ್ಟಿದಳು. ಆಮೇಲೆ ಚಪ್ಪಲಿ ಎತ್ತಿ ಹಿಡಿದಳು. ಎಡಗಾಲಿನದು ಸರಿಯಾಗಿತ್ತು. ಬಲಗಾಲಿನದರ ತುದಿ, ಹೆಬ್ಬೆರಳಿನ ಕೆಳಗೆ, ಇಲಿ ಕಚ್ಚಿದಂತೆ ಸವೆದು ಹೋಗಿತ್ತು.

ನನಗೆ ಅರ್ಥವಾಗಲು ಒಂದು ಉಸಿರಿನ ಹೊತ್ತು ಹಿಡಿಯಿತು. ಎದುರು ಕುಳಿತವನ ಬಲಗೈ ನನ್ನ ಎಡಗೈಯ ಕಡೆಗಿರುತ್ತದೆ. ಅವರು ಆ ಕಡೆಯ ಕೈ ಎತ್ತಿದರೆ ನಾನು ಈ ಕಡೆಯ ಕೈ ಎತ್ತುತ್ತೇನೆ, ಕನ್ನಡಿಯಲ್ಲಿ ಎತ್ತಿದಂತೆ. ಹುಟ್ಟಿದಾಗಿನಿಂದ ಊರನ್ನೆಲ್ಲ ಅಣಕಿಸಿದವನು ನಾನು; ಎಲ್ಲರನ್ನೂ ತಿರುವುಮುರುವಾಗಿಯೇ ಮಾಡಿದ್ದೆ. ನಗುವವರು ಯಾರೂ ಕಡೆ ಕೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಬಾಗಿಲಿನ ಕಡೆ ನೋಡಿದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದು ಬರೆದರೆ ಅದೂ ಒಂದು ಸೋಗು. ಪತ್ರದ ಕೆಳಗೆ ಸಹಿ ನಮ್ಮ ಸಾಹೇಬರದು. ಅವರ ಮರ್ಯಾದೆ, ನನ್ನ ನೌಕರಿ, ನಾಲ್ಕು ಊರಿನ ನಮ್ಮ ಏರ್ಪಾಡು, ಎಲ್ಲ ಆ ಬಾಗಿಲಿನ ಈಚೆಗಿದ್ದವು. ಆಚೆಗೆ ಒಬ್ಬ ಮನುಷ್ಯನಿದ್ದ.

ಬಾಗಿಲು ಬಡಿದೆ. ನರ್ಸ್‌ಬಾಯಿ ಅರ್ಧ ತೆರೆದು, "ಒಳಗೆ ಬರುವಂತಿಲ್ಲ" ಎಂದಳು.

"ಬರೂದಿಲ್ಲ ರೀ. ಸಾಹೇಬರಿಗೆ ಕೇಳೂಹಂಗ ಹೇಳತೇನಿ" ಎಂದು ಅಲ್ಲಿಂದಲೇ ಕೂಗಿದೆ. "ಸಾಹೇಬ್ರ, ಸೋತದ್ದು ಬಲಗಡೆ ರೀ! ಪತ್ರದಾಗ ತಪ್ಪು ಬಿದ್ದದ. ತಪ್ಪು ನಂದು, ನಮ್ಮ ಡಾಕ್ಟರದಲ್ಲ!"

ಒಳಗೆ ಸದ್ದು ನಿಂತಿತು. ಸರ್ಜನ್ನರು ಬಾಗಿಲಿಗೆ ಬಂದರು. ಬಾಯಿಗೆ ಬಟ್ಟೆ, ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದರು. ಬಲಗಡೆ ರಂಧ್ರ ಕೊರೆದಾಗಿತ್ತು. ಏನೂ ಇರಲಿಲ್ಲ. ನಾಡಿ ಸಣ್ಣಗಾಗುತ್ತಿತ್ತು, ಇನ್ನು ಹೊಲಿದು ಮುಗಿಸುವುದೆಂದು ದಾರ ಕೇಳಿದ್ದರಂತೆ.

"ನಿಮಗೆ ಹೇಗೆ ಗೊತ್ತು?"

ಹೇಳಿದೆ. ಚಪ್ಪಲಿ ತೋರಿಸಿದೆ.

"ಮಾತು ಹೇಗಿತ್ತು ಇವರದು? ಸರಿಯಾಗಿತ್ತೆ?"

ಬಾಯಲ್ಲಿ ವಿವರಿಸಲು ಬರಲಿಲ್ಲ. ಆ ಬಾಗಿಲಲ್ಲಿ, ಯಜಮಾನರ ಹೆಂಡತಿ ಕೇಳುತ್ತಿರುವಾಗ, ಮಾಡಿ ತೋರಿಸಿದೆ. "ಇದು… ಇದಕ್ಕ… ಹಸರು… ತಿನ್ನೂದು…" ಯಾರೂ ನಗಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ.

ಸರ್ಜನ್ನರ ಕಣ್ಣು ಮಾತ್ರ ಕಾಣುತ್ತಿತ್ತು. "ಮಾತು ಇರುವುದು ತಲೆಯ ಎಡಗಡೆ" ಎಂದರು. "ಈ ಒಂದು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು. ಯಾಕೆ ಬರೆಯಲಿಲ್ಲ?"

"ನಾ ನಗಸಿಬಿಟ್ಟೆ ರೀ" ಎಂದೆ.

ಬಾಗಿಲು ಮುಚ್ಚಿತು. ಎಡಗಡೆ ಕೊರೆದಾಗ ಬಂಡಿಯ ಹಳೆಯ ಕೀಲೆಣ್ಣೆಯಂಥ ಕಪ್ಪು ರಕ್ತ ತಾನಾಗಿ ಉಕ್ಕಿ ಬಂತೆಂದು ನರ್ಸ್‌ಬಾಯಿ ಆಮೇಲೆ ಹೇಳಿದಳು.

ಮೂರನೆಯ ದಿನ ಯಜಮಾನರು ಕಣ್ಣು ತೆರೆದರು. ಹೆಂಡತಿಯನ್ನು ಗುರುತಿಸಿದರು. ಬಲಗಾಲು ವಾರದಲ್ಲಿ ಸ್ವಲ್ಪ ತಿರುಗಿತು. ಬಲಗೈ ಬರಲಿಲ್ಲ. ಮಾತು ಹೋಯಿತು. ಎಲ್ಲಕ್ಕೂ ಒಂದೇ "ಹೂಂ" ಉಳಿಯಿತು. ಹೌದಕ್ಕೂ ಅದೇ, ಅಲ್ಲಕ್ಕೂ ಅದೇ, ನೋವಿಗೂ ಅದೇ. ಸರ್ಜನ್ನರು ನನ್ನನ್ನು ಬೈಯಲಿಲ್ಲ. ಒಂದು ದಿನ ಮೊದಲು ಬಂದು, ಮೊದಲೇ ಎಡಗಡೆ ತೆರೆದಿದ್ದರೆ ಹೇಗಿರುತ್ತಿತ್ತೋ ಹೇಳಲಾಗದು ಎಂದಷ್ಟೇ ಹೇಳಿದರು. ಬೈದಿದ್ದರೆ ಆ ಬೈಗುಳವನ್ನಾದರೂ ಅಣಕಿಸಿ ಹಗುರ ಮಾಡಿಕೊಳ್ಳುತ್ತಿದ್ದೆ.

ಶಿಗ್ಗಾವಿಗೆ ಮರಳಿ ಎಲ್ಲವನ್ನೂ ನಿಂತು ಹೇಳಿದೆ. ಸಾಹೇಬರು ನಶ್ಯದ ಡಬ್ಬಿ ತೆರೆದರು, ಏರಿಸದೆ ಮುಚ್ಚಿದರು.

"ನೀ ಮಾಡಿ ತೋರಿಸಿದಿ. ಕಾರ್ಡು ಎಲ್ಲೈತಿ ಅಂತ ನಾ ಕೇಳಬೇಕಿತ್ತು. ಕೇಳಲಿಲ್ಲ. ನನಗೂ ನೋಡಾಕ ಮಜಾ ಬರತಿತ್ತು."

ನೌಕರಿ ಬಿಡುತ್ತೇನೆ ಎಂದೆ. ಅವರು ಹಳೆಯ ಡಬ್ಬಿಯೊಂದನ್ನು ನನ್ನ ಕಡೆ ತಳ್ಳಿ, ಕತ್ತರಿ ಕೊಟ್ಟರು.

"ಬಿಡಾಂವಿದ್ರ ಬಿಡು. ಮೊದಲ ರಟ್ಟು ಕತ್ತರಸು. ಎಡ ಬಲ ಅಂತ ಬರಿಯೂದು ಬ್ಯಾಡ. ನೋಡಾಂವಂದು ಯಾವದು, ಬ್ಯಾನಿಯಾಂವಂದು ಯಾವದು ಅಂತ ಮತ್ತ ಘೋಟಾಳೆ ಆಗತದ. ಏನಂತ ಬರೀತಿ?"

ನಾನು ಎರಡು ಕಾರ್ಡು ಕತ್ತರಿಸಿದೆ. ಆಮೇಲೆ ಹೇಳಿದೆ, ಉಣ್ಣೋ ಕೈ ಅಂತ ಬರೆಯೋಣ ಎಂದು. ಎದುರು ಕುಂತು ನೋಡಿ, ಹಿಂದೆ ನಿಂತು ನೋಡಿ, ಉಣ್ಣುವ ಕೈ ಯಾವುದೆಂದು ಯಾರನ್ನು ಕೇಳಿದರೂ ಒಂದೇ ಕೈ ಎತ್ತುತ್ತಾರೆ. ಎಡಚನೂ ತಾಟಿಗೆ ಅದನ್ನೇ ಹಾಕುತ್ತಾನೆ. ಹೊಸ ಕಾರ್ಡಿನಲ್ಲಿ ಹಾಗೇ ಬರೆದೆವು: ಉಣ್ಣೋ ಕೈ, ಅದರ ಕಡೆಯ ಕಾಲು, ಇನ್ನೊಂದು ಕೈ, ಅದರ ಕಡೆಯ ಕಾಲು. ಮಾತು ಹೇಗಿದೆಯೋ ಹಾಗೆ, ಶಬ್ದಕ್ಕೆ ಶಬ್ದ. ನಡಿಗೆಯನ್ನು ಹಿಂದಿನಿಂದಲೂ ನೋಡಬೇಕು. ಮನೆಯ ಹೆಂಗಸರನ್ನು ಮೊದಲು ಕೇಳಬೇಕು. ಮಾಡಿ ತೋರಿಸುವುದು ಬಂದ್. ಕಾರ್ಡುಗಳು ಹಾನಗಲ್ಲಿಗೆ, ಹಿರೇಕೆರೂರಿಗೆ, ಸವಣೂರಿಗೆ ಹೋದವು. ನನ್ನ ಅಕ್ಷರ ಈಗ ಓದಲು ಬರುತ್ತದೆ.

ಯಜಮಾನರು ಮನೆಗೆ ಬಂದ ಮೇಲೆ ಊಟ ಬಿಟ್ಟರು. ಬಲಗೈ ಏಳದು, ಎಡಗೈಯಿಂದ ಉಣ್ಣಲು ಮನಸ್ಸಿಲ್ಲ, ಹೆಂಡತಿ ತುತ್ತು ಮಾಡಿ ಕೊಟ್ಟರೆ ಮುಖ ತಿರುಗಿಸುತ್ತಾರೆ. ಲೋಟದ ಗಂಜಿಯೊಂದೇ ಒಳಗೆ ಹೋಗುತ್ತಿತ್ತು. "ಇದ ಮುಂದುವರದರ ಇನ್ನ ಹೆಂಗ ಉಳದಾರಪ್ಪಾ" ಎಂದಳು ಆಕೆ. ಸರ್ಜನ್ನರಿಗೆ ಬರೆದು ಕೇಳಿದೆವು. ಮುಂದೆ ಕುಳಿತು ಕೈಯ ಚಲನೆ ತೋರಿಸಿ, ದಿನಾ ಮಾಡಿಸಿ, ಬಂದರೆ ಬಂದೀತು ಎಂದು ಉತ್ತರ ಬಂತು. ತೋರಿಸುವ ಕೆಲಸ, ಅದಕ್ಕೆ ನಾನೇ ಬೇಕಾಯಿತು.

ಒಂದು ಶುಕ್ರವಾರ ಹೆಂಡತಿ ನನ್ನನ್ನು ಅಂಗಳಕ್ಕೆ ಕರೆದು ಸಣ್ಣ ದನಿಯಲ್ಲಿ ಕೇಳಿದಳು: "ನೀ ಎಲ್ಲಾರ ದನಿ ತಗೀತೀ ಅಂತ. ಇವರು ಮೊದಲ ಹೆಂಗ ಕರೀತಿದ್ರೋ ಹಂಗ ನನ್ನ ಒಮ್ಮೆ ಕರೀ ನೋಡೂಣು."

ಬಾಯಿ ತೆರೆದೆ. ನನ್ನಲ್ಲಿ ಇದ್ದದ್ದು ಬಿದ್ದ ಮೇಲಿನ ದನಿ ಒಂದೇ. ಅದಕ್ಕಿಂತ ಮೊದಲಿನ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ.

"ನನಗ ಬರೂದಿಲ್ಲ ಅಕ್ಕಾರ" ಎಂದೆ. ಅವಳು ಹೂಂ ಎಂದು ಒಳಗೆ ಹೋದಳು.

ಈಗ ಪ್ರತಿ ಶುಕ್ರವಾರ ಅವರ ಕಟ್ಟೆಯ ಮೇಲೆ, ಬೀದಿಗೆ ಕಾಣುವಂತೆ, ಎದುರುಬದುರು ಕೂರುತ್ತೇವೆ. ನಾನು ಎಡಗೈಯಲ್ಲಿ ಒಂದು ಎಲೆ ತೆಗೆದುಕೊಂಡು ಮೆಲ್ಲಗೆ ಬಾಯಿಗೆ ಒಯ್ಯುತ್ತೇನೆ. ಕನ್ನಡಿ ನೋಡಿದಂತೆ ನೋಡುತ್ತ ಅವರು ಬಲಗೈಯಲ್ಲಿ ಎಲೆ ಎತ್ತಲು ನೋಡುತ್ತಾರೆ. ಹಾದು ಹೋಗುವವರು ನಿಲ್ಲುತ್ತಾರೆ. "ಏ ಕಂಪೌಂಡರ, ನಿಮ್ಮವ್ವ ತಿನ್ನೂ ಕೈ ಹೇಳಿಕೊಟ್ಟಿಲ್ಲೇನೋ?" ಖಾರದ ಅಂಗಡಿಯವನು ನನ್ನನ್ನು ಅಣಕಿಸಿ ಎಡಗೈಯಿಂದ ಖಾರ ಮುಕ್ಕಿ ತೋರಿಸುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ನಾನು ತಿರುಗಿ ಹೇಳುವುದಿಲ್ಲ. ಹೇಳಿದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಅವರದೂ ಅಲುಗುತ್ತದೆ.

ಹೋದ ವಾರ ಎಲೆ ಎದೆ ದಾಟಿ ಮೇಲೆ ಬಂದು, ನಡುಗಿ, ಕೆಳಗೆ ಬಿತ್ತು. ಹೆಂಡತಿ ಅದನ್ನು ಎತ್ತಿ, ಸೆರಗಿಗೆ ಒರೆಸಿ, ಮತ್ತೆ ಅವರ ಬೆರಳ ನಡುವೆ ಇಟ್ಟಳು. ನಾನು ಅವರ ಪಕ್ಕಕ್ಕೆ ಹೋಗಿ, ಅವರು ನೋಡುವ ಕಡೆಗೇ ಮುಖ ಮಾಡಿ ಕುಳಿತು, ಕಾರ್ಡು ತೆಗೆದು ಬರೆದೆ:

ಉಣ್ಣೋ ಕೈ: ಗದ್ದದವರೆಗೆ.